ಅಂತರಿಕ್ಷ ನಿಲ್ದಾಣದ ಥ್ರಿಲ್ಲರ್: 2 ಮಿ.ಮೀ. ತೂತಿಗೆ ನಾಲ್ವರು ಎಷ್ಟು ಹೊತ್ತಲ್ಲಿ ಸಾಯ್ತಾರೆ?

ಶಾಲ್ಮಲಾ_ತೀರ (ಶಿರಸಿ)
ಭಾರತದ ಅಂತರಿಕ್ಷ ನಿಲ್ದಾಣದಲ್ಲಿ ನಡೆಯುವ ಥ್ರಿಲ್ಲರ್ ಬರೀತಾ ಇದ್ದೇನೆ. ಕಾಲ 2041. ನಾಲ್ವರು ಸಿಬ್ಬಂದಿ, ಎರಡು ಮಾಡ್ಯೂಲ್, ಗಾಳಿ ತುಂಬಿದ ಜಾಗ ಒಟ್ಟು 100 ಘನ ಮೀಟರ್. ನಾಯಕಿ ಕಾರವಾರದ ಬೈತಖೋಲದವಳು, ಉಸಿರಾಟದ ವ್ಯವಸ್ಥೆ ನೋಡಿಕೊಳ್ಳುವ ಇಂಜಿನಿಯರ್. ಉಳಿದ ಮೂವರಲ್ಲಿ ಒಬ್ಬ ದ್ರೋಹಿ. ಅವನು ಗೋಡೆಗೆ ಡ್ರಿಲ್ಲಿನಿಂದ 2 ಮಿ.ಮೀ. ತೂತು ಕೊರೀತಾನೆ, ಗಾಳಿ ಭೋರ್ಗರೆದು ಹೊರಗೆ ಹೋಗುತ್ತೆ, ಎರಡೇ ನಿಮಿಷದಲ್ಲಿ ಎಲ್ಲರೂ ಒದ್ದಾಡ್ತಾರೆ. ನಂಬುವ ಹಾಗಿದೆಯೇ?

ಕಾಳಿ_ಸೇತುವೆ (ಕಾರವಾರ)
ಎರಡು ನಿಮಿಷ ಅಲ್ಲ ಮಾರಾಯ್ರೆ, ಹದಿನೆಂಟು ಗಂಟೆ. ಹೊರಗೆ ನಿರ್ವಾತ ಇದ್ದರೆ 1 ಚದರ ಸೆಂ.ಮೀ. ತೂತಿನಿಂದ ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ ಹೋಗ್ತದೆ. 2 ಮಿ.ಮೀ. ತೂತಿನ ವಿಸ್ತೀರ್ಣ 0.03 ಚ.ಸೆಂ.ಮೀ., ಅಂದರೆ ಸೆಕೆಂಡಿಗೆ 0.6 ಲೀಟರ್. ನಿಮ್ಮಲ್ಲಿರೋದು ಒಂದು ಲಕ್ಷ ಲೀಟರ್. ಒತ್ತಡ 760ರಿಂದ (ಸಮುದ್ರಮಟ್ಟದಲ್ಲಿ ಇರೋದು ಇಷ್ಟೇ) 500 ಮಿ.ಮೀ. ಪಾದರಸಕ್ಕೆ ಇಳಿಯೋಕೆ 18-19 ಗಂಟೆ ಬೇಕು. ವ್ಯಾಸ ಹತ್ತು ಪಟ್ಟಾದರೆ ಸಮಯ ನೂರರಲ್ಲೊಂದು ಪಾಲು: 2 ಸೆಂ.ಮೀ. ತೂತಿಗೆ 11 ನಿಮಿಷ. ಆದರೆ ಅಷ್ಟು ದೊಡ್ಡದನ್ನು ಯಾರ ಕಿವಿಗೂ ಬೀಳದ ಹಾಗೆ ಕೊರೆಯೋದು ಹೇಗೆ?

2018ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಜೋಡಿಸಿದ್ದ ರಷ್ಯಾದ ನೌಕೆ ಸೋಯುಜ್ ಎಂಎಸ್-09ರಲ್ಲಿ ಸಿಕ್ಕಿದ್ದು ಇದೇ ಅಳತೆಯ ತೂತು. ಒತ್ತಡ ಇಳಿಯೋದು ನೆಲದ ಕೇಂದ್ರಕ್ಕೆ ಕಂಡಾಗ ಸಿಬ್ಬಂದಿ ಮಲಗಿದ್ದರು, ಎಬ್ಬಿಸಲೂ ಇಲ್ಲ. ಎದ್ದ ಮೇಲೆ ಹುಡುಕಿ, ಎಪಾಕ್ಸಿ ಅಂಟಿನಲ್ಲಿ ಅದ್ದಿದ ಬಟ್ಟೆ ಒತ್ತಿ ಮುಚ್ಚಿದರು.

ಹುಡುಕುವ ದೃಶ್ಯವನ್ನು ಮಾತ್ರ ಬಿಡಬೇಡಿ. ಮಾಡ್ಯೂಲುಗಳ ನಡುವಿನ ಬಾಗಿಲು ಒಂದೊಂದೇ ಮುಚ್ಚಿ ಯಾವ ಕಡೆಯ ಒತ್ತಡ ಇಳೀತದೆ ನೋಡ್ತಾರೆ. ಅದಾದ ಮೇಲೆ ಚಾಪುಡಿ! 2020ರ ಅಕ್ಟೋಬರಿನಲ್ಲಿ ಅದೇ ನಿಲ್ದಾಣದ ರಷ್ಯನ್ ಭಾಗವಾದ ಜ್ವೆಜ್ದಾ ಮಾಡ್ಯೂಲಿನ ಬಿರುಕು ಸಿಕ್ಕಿದ್ದು ಚಹಾ ಎಲೆ ತೇಲಿಬಿಟ್ಟು, ಅದು ಯಾವ ಕಡೆ ಸಾಗ್ತದೆ ಅಂತ ಕ್ಯಾಮೆರಾದಲ್ಲಿ ನೋಡಿ. ನಾಯಕಿ ಮೊದಲು ಫ್ಯಾನ್ ಆರಿಸಲಿ, ಇಲ್ಲದಿದ್ದರೆ ಎಲೆಯೆಲ್ಲ ಗಾಳಿ ಎಳೆಯುವ ಜಾಲರಿಗೆ ಹೋಗಿ ಕೂರ್ತದೆ.

ಬೇಡ್ತಿ_ಕಣಿವೆ (ಯಲ್ಲಾಪುರ)
ಡ್ರಿಲ್ ಹಿಡಿದ ಖಳ ಯಕ್ಷಗಾನದ ಬಣ್ಣದ ವೇಷ ಇದ್ದ ಹಾಗೆ, ತೆರೆಯ ಹಿಂದಿನಿಂದಲೇ ಆರ್ಭಟ. ಅವನ ಕೈಗೆ ವಾಲ್ವ್ ಕೊಡಿ. ಬಾಗಿಲಲ್ಲಿ ಎರಡೂ ಬದಿಯ ಒತ್ತಡ ಸಮ ಮಾಡೋ ಪುಟ್ಟ ವಾಲ್ವ್ ಇರ್ತದೆ. ಅದು ಅರ್ಧ ತೆರೆದಿದ್ದರೆ ಬಾಗಿಲು ಮುಚ್ಚಿಯೂ ಮುಚ್ಚಿದ ಹಾಗಲ್ಲ: ಎರಡೂ ಕಡೆ ಒಟ್ಟಿಗೇ ಇಳೀತದೆ, ಪಾಪ ಅವರು ತಮ್ಮ ಕಡೆಯೇ ತೂತು ಹುಡುಕ್ತಾ ಇರ್ತಾರೆ.

ನಾಯಕಿಗೆ ಸುಳಿವು ಸಿಗೋದು ಕೈಯಲ್ಲಿ. ಬಾಗಿಲಿನ ವ್ಯಾಸ 80 ಸೆಂ.ಮೀ. ಇಟ್ಟುಕೊಳ್ಳಿ. ಸೋರುವ ಮಾಡ್ಯೂಲ್ 50 ಘನ ಮೀಟರ್ ಆದರೆ, ವಾಲ್ವ್ ಸರಿಯಾಗಿ ಮುಚ್ಚಿದ್ದಲ್ಲಿ ಕಾಲು ಗಂಟೆಗೆ ಒತ್ತಡದ ವ್ಯತ್ಯಾಸ 8 ಮಿ.ಮೀ. ಪಾದರಸ ಆಗಬೇಕು. ಆಗ ಬಾಗಿಲನ್ನು ಈಚೆ ಎಳೆಯೋದು ಒಂದು ಸಿಮೆಂಟ್ ಚೀಲ ಎತ್ತಿದಷ್ಟು ಭಾರ. ಹಿಡಿ ಜಗ್ಗಿದ ಕೂಡಲೇ ಬಾಗಿಲು ಸಲೀಸಾಗಿ ಬಂದರೆ ಯಾರೋ ವಾಲ್ವ್ ಮುಟ್ಟಿದ್ದಾರೆ. ಇಂಥ ವಾಲ್ವ್ ಸಣ್ಣದು ಅನ್ನಬೇಡಿ: 1971ರಲ್ಲಿ ಸೋಯುಜ್ 11ರದ್ದು ಅಕಾಲದಲ್ಲಿ ತೆರೆದು ಅದರಲ್ಲಿದ್ದ ಮೂವರೂ ಸತ್ತರು.

ಬಾಗಿಲು ಮುಚ್ಚಲು ಬಾರದ ಹಾಗೆ ಖಳ ಅದರಲ್ಲಿ ಕೇಬಲ್ ಹಾಯಿಸಿಡೋದೂ ಆಗ್ತದೆ. 1997ರ ಜೂನಿನಲ್ಲಿ ಸರಕುನೌಕೆ ಗುದ್ದಿದಾಗ ರಷ್ಯಾದ ಅಂತರಿಕ್ಷ ನಿಲ್ದಾಣ ಮಿರ್‌ನವರು ಕೇಬಲ್ ಬಿಚ್ಚಿ, ಕತ್ತರಿಸಿ, ಆಮೇಲೆ ಸ್ಪೆಕ್ಟರ್ ಮಾಡ್ಯೂಲನ್ನು ಮುಚ್ಚಬೇಕಾಯ್ತು. ಗಟ್ಟಿ ಮುಚ್ಚುವ ಬಾಗಿಲು ಹೇಗಿರ್ತದೆ ಅಂತ ತಿಳಿಯಲು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಹಳೆಯ ಯುದ್ಧನೌಕೆ ಚಾಪೆಲ್ ನೋಡಿ ಬನ್ನಿ.

ಅಘನಾಶಿನಿ_ಅಳಿವೆ (ಕುಮಟಾ)
ಇಬ್ಬರೂ ಗಾಳಿ ಹೋಗೋದನ್ನೇ ಹಿಡಿದುಕೊಂಡಿದ್ದೀರಿ. ಇರುವ ಗಾಳಿಯೇ ಕೊಲ್ಲಬಹುದು. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡ್ತಾನೆ. ಅದನ್ನು ಹೀರುವ ಯಂತ್ರ ನಿಂತರೆ ನಿಮ್ಮ 100 ಘನ ಮೀಟರಿನಲ್ಲಿ ಒಂದೇ ದಿನಕ್ಕೆ ಶೇ. 2 ದಾಟ್ತದೆ, ಒಂದೂವರೆ ದಿನಕ್ಕೆ ಶೇ. 3: ತಲೆನೋವು, ಏದುಸಿರು. ಆಮ್ಲಜನಕ ಆಗಿನ್ನೂ ಬೇಕಾದಷ್ಟು ಇರ್ತದೆ.

ಯಂತ್ರ ನಿಲ್ಲಿಸಿದರೆ ಅಲಾರಂ ಹೊಡ್ಕೊಳ್ತದೆ, ಅದು ಬೇಡ. ತೂಕವಿಲ್ಲದ ಕಡೆ ಬಿಸಿ ಉಸಿರು ಮೇಲೇರೋದಿಲ್ಲ. ಫ್ಯಾನ್ ತಳ್ಳದಿದ್ದರೆ ಮಲಗಿದವನ ಮುಖದ ಮುಂದೆಯೇ ಗುಳ್ಳೆಯಾಗಿ ನಿಲ್ತದೆ. ನಾಯಕಿ ಮಲಗುವ ಗೂಡಿನ ಗಾಳಿ ಕೊಳವೆಗೆ ಒಂದು ಕಾಲುಚೀಲ ತುರುಕಿದರೆ ಸಾಕು. ನಡುಮನೆಯಂಥ ಜಾಗದಲ್ಲಿರುವ ಸೆನ್ಸರಿಗೆ ಏನೂ ಗೊತ್ತಾಗೋದಿಲ್ಲ.

ಶಾಲ್ಮಲಾ_ತೀರ (ಶಿರಸಿ)
ಡ್ರಿಲ್ ತೆಗೆದೆ. ಆದರೆ ಫ್ಯಾನಿನ ಮಾಹಿತಿ ನೆಲಕ್ಕೆ ಹೋಗೋದಿಲ್ಲವೇ?

ಅಘನಾಶಿನಿ_ಅಳಿವೆ (ಕುಮಟಾ)
ಹೋಗ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಅಂಗೈ ಇಟ್ಟರೆ ಸದ್ದು ಏರ್ತದಲ್ಲ, ಅಂಥ ಫ್ಯಾನೇ ಇದೂ: ಗಾಳಿ ಸಿಗದಿದ್ದರೆ ವೇಗ ಏರ್ತದೆ, ಎಳೆಯುವ ಕರೆಂಟ್ ಇಳೀತದೆ. ನೆಲದವರು ಜಾಲರಿಗೆ ಧೂಳು ಕಟ್ಟಿದೆ ಅಂದುಕೊಂಡು ಶನಿವಾರ ಗುಡಿಸಲು ಹೇಳ್ತಾರೆ. ಆದರೆ ಧೂಳು ಕಟ್ಟೋದು ವಾರಗಟ್ಟಲೆ, ಗ್ರಾಫಿನಲ್ಲಿ ಇಳಿಜಾರು ಕಾಣ್ತದೆ. ಕಾಲುಚೀಲದ್ದು ಒಂದೇ ಮೆಟ್ಟಿಲು. ಆ ಮೆಟ್ಟಿಲಿನ ಗಂಟೆ-ನಿಮಿಷಕ್ಕೆ ಮೂವರಲ್ಲಿ ಯಾರು ಎಲ್ಲಿದ್ದರು ಅಂತ ಈಗಲೇ ಬರೆದಿಟ್ಟುಕೊಳ್ಳಿ.