ಅಡುಗೆಮನೆ ಕೌಂಟರಿನ ಸನ್‌ಮೈಕಾ ಮೇಲೆ ನಾವೇ ಪೇಂಟ್ ಹೊಡೆಯಬಹುದಾ?

ಪ್ರಶ್ನೆ (ವಿಜಯನಗರ):
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ. ಒಲೆ, ಸಿಂಕ್ ಇರುವ ಕಟ್ಟೆ ಗ್ರಾನೈಟ್. ಅದರ ಎದುರಿಗೆ ಇನ್ನೊಂದು ಕೌಂಟರ್ ಇದೆ, ಪ್ಲೈವುಡ್ ಮೇಲೆ ಸನ್‌ಮೈಕಾ ಅಂಟಿಸಿದ್ದು. ಆರು ಅಡಿ ಉದ್ದ, ಎರಡು ಅಡಿ ಅಗಲ. ಮಿಕ್ಸಿ ಇಡುವುದು, ತರಕಾರಿ ಹೆಚ್ಚುವುದು ಎಲ್ಲ ಅದರ ಮೇಲೆಯೇ. ಕಡು ಮರೂನ್ ಬಣ್ಣ. ಮೊದಲೇ ಬೆಳಕು ಕಡಿಮೆ, ಇದರಿಂದ ಇನ್ನೂ ಕತ್ತಲೆ ಅನಿಸುತ್ತದೆ. ಬಿಳಿ ಹೊಡೆಯೋಣ ಎಂದುಕೊಂಡಿದ್ದೇನೆ. ಗೋಡೆಗೆ ಹೊಡೆದು ಉಳಿದ ಎಮಲ್ಷನ್ ಇದೆ, ಅದು ಆಗುತ್ತಾ? ಒಂದು ಮೂಲೆಯಲ್ಲಿ ಸನ್‌ಮೈಕಾ ಸ್ವಲ್ಪ ಎದ್ದಿದೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ಪೇಂಟ್ ಮತ್ತು ಪಾಲಿಶ್ ಕಾಂಟ್ರ್ಯಾಕ್ಟರ್):
ಮೇಡಂ, ಹೊಡೆಯಬಹುದು. ಆದರೆ ಆ ಎಮಲ್ಷನ್ ಬೇಡವೇ ಬೇಡ. ಗೋಡೆ ಬಣ್ಣ ಹೀರಿಕೊಳ್ಳುತ್ತದೆ, ಸನ್‌ಮೈಕಾ ಹೀರುವುದಿಲ್ಲ. ರೆಸಿನ್‌ನಲ್ಲಿ ನೆನೆಸಿದ ಕಾಗದದ ಪದರಗಳನ್ನು ಬಿಸಿ ಕೊಟ್ಟು ಒತ್ತಿ ಮಾಡಿದ ಹಾಳೆ ಅದು. ಮೇಲ್ಪದರ ಮೆಲಮೈನ್. ಎಣ್ಣೆ, ಸಾಂಬಾರು ಒಳಗೆ ಇಳಿಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ಸಾಂಬಾರೇ ಇಳಿಯದ ಕಡೆ ಪೇಂಟ್ ಎಲ್ಲಿ ಇಳಿಯುತ್ತದೆ? ಸುಮ್ನೆ ಹೊಡೆದರೆ ಒಣಗುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆಮೇಲೆ ಮಿಕ್ಸಿ ಎಳೆದ ಕಡೆಯೆಲ್ಲ ಸಿಪ್ಪೆ ಏಳುತ್ತದೆ.

ಮೊದಲು ಆ ಎದ್ದ ಮೂಲೆ ನೋಡಿ. ಕೆಳಗಿನ ಪ್ಲೈವುಡ್ ಒತ್ತಿದಾಗ ಗಟ್ಟಿಯಾಗಿದ್ದರೆ ಧೂಳು ತೆಗೆದು, ಫೆವಿಕಾಲ್ ಹಾಕಿ, ಮೇಲೆ ಮಣೆ ಇಟ್ಟು ಭಾರ ಹೇರಿ ಒಂದು ರಾತ್ರಿ ಬಿಡಿ. ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಕಪ್ಪಾಗಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ. ಅದಕ್ಕೆ ಪೇಂಟ್ ಔಷಧಿ ಅಲ್ಲ, ಆ ಪ್ಲೈವುಡ್ಡೇ ಬದಲಾಗಬೇಕು.

ಮೂಲೆ ಸರಿ ಇದ್ದರೆ ಮುಂದಿನ ಕೆಲಸ ಜಿಡ್ಡು ತೆಗೆಯುವುದು. ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಜಿಡ್ಡು ಇರುವಾಗಲೇ ಎಮರಿ ಪೇಪರ್ ಹಾಕಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ, ಮತ್ತೆ ಬರುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ಉಜ್ಜಿ. ಸೋಪಿನ ಅಂಶ ಹೋಗುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಗೋಡೆ ಸೇರುವ ಕಡೆ ಸಿಲಿಕೋನ್ ಇದ್ದರೆ ಬ್ಲೇಡಿನಿಂದ ಕೆರೆದು ತೆಗೆಯಿರಿ. ಸಿಲಿಕೋನ್ ಮೇಲೆ ಪೇಂಟ್ ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ಹೊಸದು ಹಾಕಿಕೊಳ್ಳಬಹುದು.

ಆಮೇಲೆ ಮಾಸ್ಕ್ ಹಾಕಿಕೊಂಡು 180 ನಂಬರ್ ಎಮರಿ, ಅದರ ನಂತರ 220. ಹೊಳಪು ಹೋಗಬೇಕು ಅಷ್ಟೇ. ಕೆಳಗಿನ ಕಂದು ಕಾಗದ ಕಾಣುವ ತನಕ ಉಜ್ಜಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ಎಲ್ಲಿ ಹೊಳೆಯುತ್ತದೋ ಅಲ್ಲಿ ಇನ್ನೂ ಉಜ್ಜಬೇಕು. ಅಂಚು, ಮೂಲೆ ಮರೆಯಬೇಡಿ, ಪೇಂಟ್ ಏಳಲು ಶುರುವಾಗುವುದು ಅಲ್ಲಿಂದಲೇ.

ಪ್ರೈಮರ್ ಕೊಳ್ಳುವಾಗ ಅಂಗಡಿಯವರು ವುಡ್ ಪ್ರೈಮರ್ ಕೈಗಿಡಬಹುದು. ಅದಲ್ಲ. ಬಾಂಡಿಂಗ್ ಪ್ರೈಮರ್ ಎಂದು ಕೇಳಿ, ಲ್ಯಾಮಿನೇಟ್ (ಸನ್‌ಮೈಕಾ ಅದೇ) ಮೇಲೆ ಹಿಡಿಯುತ್ತದೆ ಎಂದು ಡಬ್ಬದ ಮೇಲೆ ಬರೆದಿದೆಯೇ ಓದಿ. ಇದೊಂದರಲ್ಲಿ ದುಡ್ಡು ಉಳಿಸಬೇಡಿ.

ಇಡೀ ಕೌಂಟರಿಗೆ ಹೊಡೆಯುವ ಮೊದಲು ಕಾಣದ ಒಂದು ಮೂಲೆಯಲ್ಲಿ ಪ್ರೈಮರ್ ಹಚ್ಚಿ ಒಂದು ದಿನ ಬಿಡಿ. ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಸಣ್ಣ ಚೌಕಗಳನ್ನು ಮಾಡಿ. ಗಟ್ಟಿ ಟೇಪ್ ಒತ್ತಿ ಅಂಟಿಸಿ, ಒಮ್ಮೆಗೇ ಎಳೆಯಿರಿ. ಚೌಕಗಳು ಟೇಪಿನ ಜೊತೆ ಬಂದರೆ ಮತ್ತೆ ಉಜ್ಜಬೇಕು. ಬರಲಿಲ್ಲ ಎಂದರೆ ಧೈರ್ಯವಾಗಿ ಮುಂದುವರಿಯಿರಿ.

ಬಣ್ಣಕ್ಕೆ ವಾಟರ್ ಬೇಸ್ಡ್ ಎನಾಮಲ್ ತೆಗೆದುಕೊಳ್ಳಿ. ಆಯಿಲ್ ಎನಾಮಲ್ ಬಿಳಿ ಬಣ್ಣ ಬೆಳಕು ಕಡಿಮೆ ಇರುವ ಕಡೆ ಹಳದಿಗೆ ತಿರುಗುತ್ತದೆ, ನಿಮ್ಮದು ಅಂಥದ್ದೇ ಜಾಗ. ಬ್ರಷ್ ಬೇಡ, ನಾಲ್ಕು ಇಂಚಿನ ಫೋಮ್ ರೋಲರ್ ಸಾಕು. ತೆಳ್ಳಗೆ ಎರಡು ಮೂರು ಕೋಟ್. ನಿಮ್ಮ ಹನ್ನೆರಡು ಚದರ ಅಡಿಗೆ ಅರ್ಧ ಲೀಟರ್ ಧಾರಾಳ. ಅದು ಚೆನ್ನಾಗಿ ಒಣಗಿದ ಮೇಲೆ ಹಾರ್ಡ್ನರ್ (ಗಟ್ಟಿಯಾಗಿಸುವ ದ್ರಾವಣ) ಬೆರೆಸುವ ಪಿಯು ಕ್ಲಿಯರ್, ಅಂದರೆ ಪಾಲಿಯುರೆಥೇನ್‌ನ ಬಣ್ಣವಿಲ್ಲದ ರಕ್ಷಣೆಯ ಪದರ, ಎರಡು ಕೋಟ್. ಈ ಪಿಯು ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಧೂಳಿನ ಮಾಸ್ಕ್ ಸಾಲದು, ಕೆಮಿಕಲ್ ಫಿಲ್ಟರ್ ಇರುವ ಮಾಸ್ಕ್ ಬೇಕು. ಕಿಟಕಿ ತೆಗೆದಿಡಿ, ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ದೇವರ ದೀಪವೂ ಆ ಹೊತ್ತಿಗೆ ಬೇಡ. ಮನೆಯಲ್ಲಿ ಮಕ್ಕಳು, ಉಬ್ಬಸ ಇರುವವರು ಇದ್ದರೆ ಆ ದಿನ ಬೇರೆ ಕಡೆ ಕಳುಹಿಸಿ. ಕ್ಲಿಯರ್ ಕೋಟನ್ನು ಮಾತ್ರ ಗೊತ್ತಿರುವ ಪಾಲಿಶ್‌ನವರಿಂದ ಮಾಡಿಸಿದರೂ ತಪ್ಪಿಲ್ಲ. ನನ್ನ ಮಟ್ಟಿಗೆ ಅದೇ ವಾಸಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮೂಲೆ ಗಟ್ಟಿಯಾಗಿದೆ. ಈಗ ಮಳೆ ಶುರುವಾಗಿದೆ, ಮಾಡಬಹುದಾ? ಎಷ್ಟು ದಿನಕ್ಕೆ ಮಿಕ್ಸಿ ಇಡಬಹುದು?

ಉತ್ತರ:
ಸಾಧ್ಯವಾದರೆ ತಡೆಯಿರಿ. ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಬಹಳ ಒಳ್ಳೆಯದು, ಗಾಳಿ ಒಣಗಿರುತ್ತದೆ. ತೇವ ಜಾಸ್ತಿ ಇದ್ದರೆ ಪಿಯು ಹಾರ್ಡ್ನರ್ ಆ ತೇವದ ಜೊತೆ ಸೇರಿ ಸಣ್ಣ ಗುಳ್ಳೆ ಏಳುತ್ತದೆ. ಮಾಡಲೇಬೇಕು ಎಂದಿದ್ದರೆ ನಡುವೆ ಎರಡು ಮೂರು ದಿನ ಬಿಸಿಲು ಬಿದ್ದಾಗ ಮಧ್ಯಾಹ್ನ ಹೊಡೆಯಿರಿ.

ಕೈಗೆ ಅಂಟುವುದಿಲ್ಲ ಎಂದರೆ ಗಟ್ಟಿಯಾಯಿತು ಎಂದಲ್ಲ. ಕೊನೆಯ ಕೋಟ್ ಆದ ಮೇಲೆ ಒಂದು ವಾರ ಏನೂ ಇಡಬೇಡಿ. ಮಿಕ್ಸಿ ಕಾಲಿನ ರಬ್ಬರ್ ಹಸಿ ಪೇಂಟಿಗೆ ಕಚ್ಚಿಕೊಂಡರೆ ತೆಗೆಯುವಾಗ ಪೇಂಟೂ ಬರುತ್ತದೆ.

ಇನ್ನೊಬ್ಬ ಸದಸ್ಯರು (ಕೆಂಗೇರಿ):
ಅಣ್ಣ, ನಮ್ಮ ಮನೆಯಲ್ಲಿ ಒಲೆ ಇರುವ ಕೌಂಟರೇ ಲ್ಯಾಮಿನೇಟ್. ಅದಕ್ಕೂ ಇದೇ ವಿಧಾನ ಆಗುತ್ತಾ?

ಉತ್ತರ:
ಬೇಡ ತಮ್ಮಾ. ಸೀಟಿ ಹೊಡೆಯುವ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ, ದೋಸೆ ಹೆಂಚು 200 ಡಿಗ್ರಿಯ ಆಸುಪಾಸು. ಇಳಿಸಿ ಪಕ್ಕಕ್ಕೆ ಇಡುವುದು ನಮ್ಮ ಅಭ್ಯಾಸ, ಪ್ರತಿ ಸಲ ಮಣೆ ಹುಡುಕಲು ಆಗುವುದಿಲ್ಲ. ಸ್ವಂತ ಮನೆಯಾದರೆ ಅಲ್ಲಿಗೆ ಗ್ರಾನೈಟ್ ಹಾಕಿಸಿ. ಸಿಂಕ್ ಸುತ್ತಲೂ ಪೇಂಟ್ ಬೇಡ. ನೀರು ನಿಲ್ಲುವ ಕಡೆ ಅಂಚಿನಿಂದ ಒಳಗೆ ಹೋಗಿಯೇ ಹೋಗುತ್ತದೆ. ಹೊಸದಾಗಿ ಪ್ಲೈವುಡ್ ಹಾಕಿಸುವುದಿದ್ದರೆ ಸಿಂಕ್ ಹತ್ತಿರ ಐಎಸ್ 710 ಗುರುತು (ನೀರು ತಡೆಯುವ ಮರೀನ್ ಪ್ಲೈವುಡ್‌ನದು) ಇರುವುದನ್ನೇ ಕೇಳಿ.

ಮತ್ತೊಬ್ಬ ಸದಸ್ಯರು (ಬಸವನಗುಡಿ):
ಬಿಳಿ ಮೇಲೆ ಅರಿಶಿನ ಬಿದ್ದರೆ ಏನು ಮಾಡುವುದು?

ಉತ್ತರ:
ತಕ್ಷಣ ಒರೆಸಬೇಕು ಅಮ್ಮಾ. ಉಳಿದ ಕಲೆ ಬಿಸಿಲು ಬಿದ್ದರೆ ಮಾಸುತ್ತದೆ, ಆದರೆ ಅವರ ಅಡುಗೆಮನೆಗೆ ಬಿಸಿಲೇ ಬರುವುದಿಲ್ಲ ಅಲ್ವಾ. ಅದಕ್ಕೇ ಅಚ್ಚ ಬಿಳಿಗಿಂತ ಕೆನೆ ಬಣ್ಣ ಒಳ್ಳೆಯದು. ಕ್ಲಿಯರ್ ಕೋಟ್ ಮ್ಯಾಟ್ ಬೇಡ, ಗ್ಲಾಸಿ ಇರಲಿ. ತರಕಾರಿ ಮಾತ್ರ ಮಣೆ ಇಟ್ಟೇ ಹೆಚ್ಚಬೇಕು, ನೇರವಾಗಿ ಪೇಂಟ್ ಮೇಲೆ ಚಾಕು ಹಾಕಬಾರದು.

ಪ್ರಶ್ನೆ ಕೇಳಿದವರು:
ಅಟ್ಟದ ಮೇಲೆ ಓನರ್ ಬಿಟ್ಟಿರುವ ಹಳೇ ಎನಾಮಲ್ ಡಬ್ಬ ಇದೆ, ಓಪನ್ ಮಾಡಿಲ್ಲ. ಕೆನೆ ಬಣ್ಣವೇ. ಬಳಸಲಾ?

ಉತ್ತರ:
ಬಳಸಬೇಡಿ ಮೇಡಂ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬದಲ್ಲಿ ಎಷ್ಟಿದೆಯೋ ಹೇಳಲಾಗದು. ಅಡುಗೆ ಮಾಡುವ ಜಾಗ ಅದು. ಹೊಸದೇ ತನ್ನಿ. ಹೊಡೆಯುವ ಮೊದಲು ಬಣ್ಣದ ಕಾರ್ಡ್ ಓನರ್‌ಗೆ ತೋರಿಸಿ ಒಪ್ಪಿಗೆಯನ್ನು ಮೆಸೇಜಿನಲ್ಲಿ ಪಡೆಯಿರಿ. ಒಮ್ಮೆ ಎಮರಿ ಹಾಕಿದ ಸನ್‌ಮೈಕಾ ಮೊದಲಿನಂತೆ ಆಗುವುದಿಲ್ಲ, ಅಡ್ವಾನ್ಸ್ ವಾಪಸ್ ಕೊಡುವಾಗ ಆ ಮಾತು ಬರುತ್ತದೆ. ಅವರು ಒಪ್ಪದಿದ್ದರೆ 1 ಎಂಎಂ ದಪ್ಪದ, ತಿಳಿ ಬಣ್ಣದ ಹೊಸ ಸನ್‌ಮೈಕಾ ಹಾಳೆಯನ್ನು ಕೌಂಟರ್ ಮೇಲೆ ಅಂಟಿಸದೆ ಹಾಸಿ, ಅಂಚಿಗೆ ಮಾತ್ರ ಡಬಲ್ ಟೇಪ್ ಹಾಕಿ. 8 ಅಡಿಗೆ 4 ಅಡಿ ಹಾಳೆಯಲ್ಲಿ ನಿಮ್ಮ ಅಳತೆ ಆರಾಮಾಗಿ ಬರುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ನಿಮಗೆ ಹತ್ತಿರ, ಅಲ್ಲೇ ಕೇಳಿ ನೋಡಿ.