ಅಪ್‌ಡೇಟ್: ಇಂಟರ್ನ್‌ಶಿಪ್ ಸಿಕ್ತು, ಅದೂ ಜಮೀನಿನ ಪಹಣಿ ದಯೆಯಿಂದ!

ಹದಿನೈದು ದಿನದ ಹಿಂದೆ ಕೇಳಿದ್ನಲ್ಲ, ತುಮಕೂರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದ್ತಿದೀನಿ, ಇಂಟರ್ನ್‌ಶಿಪ್‌ಗೆ ಬೆಂಗಳೂರಿನ ಲಾ ಫರ್ಮ್‌ಗಳಿಗೆ ನಲವತ್ತು ಮೇಲ್ ಹಾಕಿದ್ರೂ ಒಬ್ರೂ ರಿಪ್ಲೈ ಮಾಡ್ತಿಲ್ಲ ಅಂತ, ಅದರ ಮುಂದಿನ ಕಥೆ ಇದು.

ಲಿಂಕ್ಡ್‌ಇನ್‌ನಲ್ಲಿ ಫರ್ಮ್ ಪಾರ್ಟ್ನರ್‌ಗಳಿಗೇ ಮೆಸೇಜ್ ಮಾಡು ಅಂತ ನಿಮ್ಮಲ್ಲಿ ಕೆಲವ್ರು ಅಂದಿದ್ರಿ, ಮಾಡಿದೆ, ದಂಡ. ಕೆಲ್ಸಕ್ಕೆ ಬಂದಿದ್ದು ಕೋಲಾರದ ಅಕ್ಕ ಒಬ್ರು ಇಲ್ಲೇ ಹೇಳಿದ್ದು: ರೆಸ್ಯೂಮೇಲಿ ಮೂಟ್ ಕೋರ್ಟ್ (ಕಾಲೇಜಿನ ಅಣಕು ಕೋರ್ಟ್) ಸರ್ಟಿಫಿಕೇಟೆಲ್ಲ ಕೆಳಗೆ ಹಾಕು, ಊರಲ್ಲೇ ಸೀನಿಯರ್ ವಕೀಲರ ಹತ್ರ ಏನು ಮಾಡಿದೀಯೋ ಅದನ್ನ ಮೇಲೆ ಬರಿ, ಒಂದೇ ಪೇಜು. ನಾನು ಮಾಡಿದ್ದು ಚೆಕ್ ಬೌನ್ಸ್ ನೋಟಿಸು, ಆಮೇಲೆ ಒಂದು ಪಾರ್ಟಿಷನ್ (ಆಸ್ತಿ ಪಾಲು) ಕೇಸಿಗೆ ಪಹಣಿ, ಇಸಿ (ಋಣಭಾರ ಪತ್ರ) ಜೋಡಿಸಿದ್ದು. ಅದನ್ನೇ ಬರೆದು ಪ್ರಾಪರ್ಟಿ ಕೆಲಸ ಮಾಡೋ ಆರು ಫರ್ಮ್‌ಗೆ ಮಾತ್ರ ಕಳಿಸಿದೆ, ಮೂರನೇ ದಿನಕ್ಕೆ ಫೋನು!

ಇಂಟರ್ವ್ಯೂಲಿ ಕಾಂಟ್ರಾಕ್ಟ್ ಆಕ್ಟ್ ಕೇಳ್ತಾರೆ ಅಂತ ರಾತ್ರಿಯೆಲ್ಲ ಓದ್ಕೊಂಡು ಹೋದ್ರೆ ಅಲ್ಲಿನ ಮೇಡಂ ಹಳೇ ಕೈಬರಹದ ಪಹಣಿ ಜೆರಾಕ್ಸ್ ಮುಂದಿಟ್ಟು ಓದಪ್ಪಾ ಅಂದ್ರು. 9ನೇ ಕಾಲಮ್ಮಲ್ಲಿ ಮಾಲೀಕರ ಹೆಸ್ರು, 11ರಲ್ಲಿ ಸಾಲ, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಗುಂಟೆ, ಎಲ್ಲಾ ಗಡಗಡ ಹೇಳ್ಬಿಟ್ಟೆ, ನಮ್ಮ ತಾತನ ಜಮೀನು ಜಗಳದಲ್ಲಿ ಇದನ್ನೇ ನೋಡ್ಕೊಂಡು ಬೆಳೆದಿದ್ದು ಕಣ್ರಿ. ಅವರ ಟೀಮಲ್ಲಿ ಕನ್ನಡ ದಾಖಲೆ ಸಲೀಸಾಗಿ ಓದೋರೇ ಕಮ್ಮಿಯಂತೆ! ನನ್ನ ಇಂಗ್ಲಿಷಿಗೆ ನಾನೇ ಸುಮ್ನೆ ಹೆದರಿದ್ದು.

ನಾಲ್ಕು ವಾರ, ಸ್ಟೈಪೆಂಡ್ ಇಲ್ಲ, ಟ್ರೈನ್ ಪಾಸು ಕೈಯಿಂದಾನೇ. ಬಾರ್ ಕೌನ್ಸಿಲ್ ರೂಲ್ ಪ್ರಕಾರ ನಮ್ಮ ಕೋರ್ಸಿಗೆ ಒಟ್ಟು 12 ವಾರ ಇಂಟರ್ನ್‌ಶಿಪ್ ಆಗ್ಬೇಕು, ಐದು ವರ್ಷದೋರಿಗೆ 20, ಹಂಗಾಗಿ ಇನ್ನೂ ಬಾಕಿ ಇದೆ. ಓದು ಮುಗಿದ್ಮೇಲೆ ಕೆಲ್ಸಕ್ಕೆ ತಗೋತೀರಾ ಅಂತ ಧೈರ್ಯ ಮಾಡಿ ಕೇಳ್ದೆ, ಮೊದ್ಲು ಸೋಮವಾರ ಟೈಮಿಗೆ ಬಾ ಅಂದ್ರು.