ಟರ್ಕಿ ಕೋಳಿ ಮಾಂಸ ಉಳಿದಿದೆ, ಸ್ಲೈಡರ್ (ಪುಟ್ಟ ಬನ್ ಸ್ಯಾಂಡ್‌ವಿಚ್) ತಳ ಮೆತ್ತಗಾಗದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡಿದ ಟರ್ಕಿ, ಕ್ರ್ಯಾನ್‌ಬೆರಿ ಸಾಸ್ ಜಾಸ್ತಿ ಉಳಿದಿವೆ. ನಾಳೆ ಶನಿವಾರ ಮಗಳ ಗೆಳತಿಯರು ಬರುತ್ತಾರೆ. ಹೋದ ವರ್ಷ ಸ್ಲೈಡರ್ ಮಾಡಿದಾಗ ತಳ ನೆನೆದು ಟ್ರೇಗೇ ಅಂಟಿಕೊಂಡಿತ್ತು. ತುಂಬಾ ಬೇಜಾರಾಯ್ತು.

ಉತ್ತರ 1: 12 ಬನ್ನುಗಳನ್ನು ಬಿಡಿಸದೆ ಅಡ್ಡಕ್ಕೆ ಸೀಳಿ. ತಳದ ಭಾಗವನ್ನು ಮೊದಲು 5 ನಿಮಿಷ ಓವನ್‌ನಲ್ಲಿಡಿ. ಅದರ ಮೇಲೆ ಚೀಸ್, ಟರ್ಕಿ, ಸಾಸ್, ಮತ್ತೆ ಚೀಸ್. ಸಾಸ್ ಬನ್ನಿಗೆ ತಾಗಲೇಬಾರದು. ಬನ್ನಿನ ಮೇಲ್ಭಾಗ ಇಟ್ಟು, ಅದಕ್ಕೆ ಬೆಣ್ಣೆ ಸವರಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ಫಾಯಿಲ್ ತೆಗೆದು ಮತ್ತೆ 5 ನಿಮಿಷ ಬೇಯಿಸಿ.

ಉತ್ತರ 2: ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಆಗಿದೆಯಾ ನೋಡಿ, ಮಕ್ಕಳು ತಿನ್ನೋದು ಅಲ್ವಾ. ಸಾಸ್‌ಗೆ ಒಂದು ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಬಹಳ ರುಚಿ.

ಕೇಳಿದವರು: ಮಾಡಿದೆ! ತಳ ಗರಿಗರಿಯಾಗಿತ್ತು. ಟ್ರೇಯಲ್ಲಿ ಒಂದೂ ಉಳಿಯಲಿಲ್ಲ.